ಸೇವೆಯೋ, ನೌಕರಿಯೋ? ಕರಾವಳಿಯ ಧರ್ಮಸಂಸ್ಥೆಗಳು ಕೊಟ್ಟ ಕೆಲಸದ ಕಥೆ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಯಾವುದೇ ಪೇಟೆಯ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಸ್ಸಿಗೆ ಕಾದು ನಿಂತವರಲ್ಲಿ ಶಾಲೆಯ ಟೀಚರು, ಕಾಲೇಜಿನ ಗುಮಾಸ್ತ, ಆಸ್ಪತ್ರೆಯ ನರ್ಸು, ಪ್ರಯೋಗಾಲಯದ ಸಹಾಯಕ, ಹಾಸ್ಟೆಲಿನ ಅಡುಗೆಯವರು ಧಾರಾಳವಾಗಿ ಸಿಗುತ್ತಾರೆ. ಇವರಲ್ಲಿ ಅನೇಕರಿಗೆ ಸಂಬಳ ಕೊಡುವುದು ಸರ್ಕಾರವಲ್ಲ. ಲಾಭಕ್ಕೆಂದೇ ಹುಟ್ಟಿದ ಕಂಪನಿಯೂ ಅಲ್ಲ. ದಾಖಲೆಯ ಮಟ್ಟಿಗೆ ಅವರ ಧಣಿ ಒಂದು ಟ್ರಸ್ಟು, ಒಂದು ಸೊಸೈಟಿ, ಒಂದು ಮಠ ಅಥವಾ ಒಂದು ಧರ್ಮಪ್ರಾಂತ. ಉದ್ದೇಶ ಸೇವೆ. ಲಾಭ ಹಂಚಿಕೊಳ್ಳುವ ಪಾಲುದಾರರಿಲ್ಲ.

ಕರಾವಳಿಯ ಉದ್ಯೋಗದ ಚಿತ್ರದಲ್ಲಿ ಇಂಥ ಸಂಸ್ಥೆಗಳಿಗೆ ಇಷ್ಟು ದೊಡ್ಡ ಜಾಗ ಸಿಕ್ಕಿದ್ದು ಹೇಗೆ? ಅವು ಕೊಡುವ ಕೆಲಸವನ್ನು ಏನೆಂದು ಕರೆಯಬೇಕು? ಸೇವೆಯೆಂದರೆ ಸಂಬಳದ ಮಾತು ಹಿಂದೆ ಸರಿಯುತ್ತದೆ. ನೌಕರಿಯೆಂದರೆ ಹಕ್ಕಿನ ಮಾತು ಮುಂದೆ ಬರುತ್ತದೆ. ಹತ್ತಿರ ಹತ್ತಿರ ಎರಡು ಶತಮಾನಗಳಷ್ಟು ಹಳೆಯದಾದ ಈ ಗೊಂದಲ ಮಂಗಳೂರಿನ ಗುಡ್ಡಗಳಿಂದ ಹೊರಟು ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದಿದೆ.

ಹಂಚಿನ ಕಾರ್ಖಾನೆ ಮತ್ತು ಪ್ರಾರ್ಥನೆ

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಕಾಯ್ದೆ ಬ್ರಿಟಿಷರಲ್ಲದ ಪಾದ್ರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಬಂದ ಕೆಲವೇ ವರ್ಷಗಳಲ್ಲಿ ಕನ್ನಡ ಶಾಲೆ ತೆರೆದರು. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಇಲ್ಲಿಯೇ. ಮುಂದೆ 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದೂ ಮಿಷನ್ನಿನ ಮುದ್ರಣಾಲಯದಿಂದಲೇ. ಇವು ಸಾಹಿತ್ಯ ಚರಿತ್ರೆಯಲ್ಲಿ ಎಲ್ಲರೂ ಓದಿರುವ ಸಂಗತಿಗಳು. ಆ ಮುದ್ರಣಾಲಯದಲ್ಲಿ ಅಕ್ಷರದ ಮೊಳೆ ಜೋಡಿಸಿದವರು, ಪುಸ್ತಕ ಹೊಲಿದವರು ಯಾರು, ಅವರು ಅಲ್ಲಿಗೆ ಬಂದದ್ದೇಕೆ ಎಂಬುದನ್ನು ಓದುವುದು ಕಡಿಮೆ.

ಉತ್ತರ ಆ ಕಾಲದ ಜಾತಿ ಮತ್ತು ಭೂಮಿಯ ವ್ಯವಸ್ಥೆಯಲ್ಲಿದೆ. ಮಿಷನ್ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಮೂರ್ತೆಗಾರಿಕೆ ಮತ್ತು ಗೇಣಿ ಬೇಸಾಯ ಅವರ ಜೀವನಾಧಾರ. ಮತಾಂತರವಾದ ಕೂಡಲೇ ಕಳ್ಳು ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ; ಧಣಿ ಗೇಣಿಯ ಗದ್ದೆಯಿಂದ ಎಬ್ಬಿಸುತ್ತಿದ್ದ; ಅಳಿಯಸಂತಾನದ ಕುಟುಂಬದಲ್ಲಿದ್ದ ಪಾಲೂ ಕೈತಪ್ಪುತ್ತಿತ್ತು. ಹೊಸ ನಂಬಿಕೆಯ ಜತೆಗೇ ನಿರುದ್ಯೋಗವೂ ಬರುತ್ತಿತ್ತು. ಹೀಗೆ ಬೀದಿಗೆ ಬಿದ್ದವರಿಗೆ ಅನ್ನದ ದಾರಿ ಮಾಡಿಕೊಡುವುದು ಮಿಷನ್ನಿನ ಹೊಣೆಯಾಯಿತು.

ಮೊದಮೊದಲು ಬೇಸಾಯ, ಗಡಿಯಾರದ ಕೆಲಸ ಮುಂತಾದುವನ್ನು ಮಾಡಿ ನೋಡಿದರು. ಯಾವುದೂ ನೆಲೆ ನಿಲ್ಲಲಿಲ್ಲ. 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಬಂದ ಮೇಲೆ ಮಗ್ಗದ ಕೆಲಸ ಕೈಹಿಡಿಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿದರು. ನದಿಯಂಚಿನ ಜೇಡಿಮಣ್ಣು, ಮಲೆನಾಡಿನ ಸೌದೆ, ಸಾಗಣೆಗೆ ದೋಣಿ ಮತ್ತು ಬಂದರು ಎಲ್ಲವೂ ಒಂದೇ ಕಡೆ ಕೂಡಿಬಂದವು. ಮುಳಿಹುಲ್ಲಿನ ಮಾಡಿನ ಜಾಗಕ್ಕೆ ಕೆಂಪು ಹಂಚು ಬಂತು. ‘ಮಂಗಳೂರು ಹಂಚು’ ಎಂಬ ಹೆಸರು ಕಡಲಾಚೆಗೂ ಹೋಯಿತು. 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಹಂಚಿನ ಕಾರ್ಖಾನೆ ಆರಂಭವಾದಾಗ ಮಿಷನ್ನಿನ ಕಸುಬು ಊರಿನ ಕಸುಬಾಯಿತು. 1874ರಲ್ಲಿ ಯಂತ್ರಗಳ ಕಾರ್ಯಾಗಾರವೂ ಬಂತು.

ಈ ಉದ್ದಿಮೆಗಳ ವ್ಯವಹಾರ ನೋಡಿಕೊಳ್ಳಲು 1859ರಲ್ಲಿ ಬಾಸೆಲಿನಲ್ಲಿ ಒಂದು ಟ್ರೇಡಿಂಗ್ ಕಂಪನಿ ಸ್ಥಾಪನೆಯಾಗಿತ್ತು. ಷೇರುದಾರರಿಗೆ ಮಿತವಾದ ಲಾಭಾಂಶ, ಉಳಿದದ್ದು ಮಿಷನ್ನಿನ ಕಾರ್ಯಕ್ಕೆ ಎಂಬುದು ಅದರ ತತ್ವ. ಹಣ ಗಳಿಸುತ್ತಲೇ ಹಣಕ್ಕಾಗಿ ಅಲ್ಲವೆಂದು ಹೇಳುವ ಸಂಸ್ಥೆಯೊಂದರ ಮಾದರಿ ಕರಾವಳಿಗೆ ಪರಿಚಯವಾದದ್ದು ಹೀಗೆ.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಭಾನುವಾರ ರಜೆ. ಹೊತ್ತಿಗೆ ಸರಿಯಾಗಿ ಬರಬೇಕು, ಕುಡಿಯಬಾರದು, ನಡತೆ ಸರಿಯಿರಬೇಕು. ಮುಂದೆ ಇತರ ಧರ್ಮದವರಿಗೂ ಅಲ್ಲಿ ಕೆಲಸ ಸಿಕ್ಕಿತು. ಆದರೆ ಸಭೆಗೆ ಸೇರಿದ ಕಾರ್ಮಿಕನ ಪಾಲಿಗೆ ಕೂಲಿ ಕೊಡುವವನು, ಮಕ್ಕಳಿಗೆ ಪಾಠ ಹೇಳುವವನು, ದೇವರ ಮಾತು ಹೇಳುವವನು ಮೂವರೂ ಒಬ್ಬರೇ. ಇಂಥ ಧಣಿಯಲ್ಲಿ ಕೃತಜ್ಞತೆ ತೋರಿಸುವುದು ಸುಲಭ. ಕೂಲಿ ಹೆಚ್ಚಿಸಿ ಎಂದು ಕೇಳುವುದು ಕಷ್ಟ. ನೌಕರಿಗೆ ಉಪಕಾರದ ಬಣ್ಣ ಬಂದದ್ದು ಇಲ್ಲಿಂದ.

ಉಪಕಾರದ ಮೇಲೆ ನಿಂತ ನೌಕರಿಯ ಇನ್ನೊಂದು ಅಪಾಯ 1914ರಲ್ಲಿ ಬಯಲಾಯಿತು. ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಕೊನೆಗೆ ತಾಯ್ನಾಡಿಗೆ ಕಳುಹಿಸಲಾಯಿತು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶಕ್ಕೆ ಹೋದವು. ಮಗ್ಗದ ಮುಂದೆ, ಆವಿಗೆಯ ಮುಂದೆ ಕುಳಿತವರ ಧಣಿ ಬದಲಾದ, ಅವರನ್ನು ಕೇಳಿದವರಿಲ್ಲ.

ಪಂಡಿತರಿಗೆ ಸಂಬಳ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಲಸ ಕೊಡುವ ಸಂಸ್ಥೆಗಳ ಪಟ್ಟಿ ಬೆಳೆಯಿತು. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. 1878ರ ಕೊನೆಗೆ ಬಂದ ಜೆಸುಯಿಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅದೇ ವರ್ಷ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹುಡುಗಿಯರ ಶಾಲೆಯನ್ನೂ ಸ್ಥಾಪಿಸಿದರು. ಕುದ್ಮುಲ್ ರಂಗರಾವ್ ಅವರು 1897ರಲ್ಲಿ ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ದಲಿತ ಮಕ್ಕಳಿಗೆ ಅಕ್ಷರದ ಜತೆ ಕೈಕಸುಬನ್ನೂ ಕಲಿಸಿತು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಬಂತು.

ಈ ಶಾಲೆಗಳೆಲ್ಲ ದಾನದ ಹಣದಿಂದಲೇ ನಡೆದವೆಂದು ತಿಳಿಯಬೇಕಾಗಿಲ್ಲ. 1854ರ ವುಡ್ ಶಿಕ್ಷಣ ಆದೇಶವು ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ನೀಡುವ ಪದ್ಧತಿಯನ್ನು ತಂದಿತ್ತು. ದಕ್ಷಿಣ ಕನ್ನಡವಿದ್ದ ಮದ್ರಾಸ್ ಪ್ರಾಂತದಲ್ಲಿ ಈ ಪದ್ಧತಿ ಬೇಗನೆ ಬೇರೂರಿತು. ಶಾಲೆ ಸಂಸ್ಥೆಯದು, ಹಣದ ಒಂದು ಪಾಲು ಸರ್ಕಾರದ್ದು, ತಪಾಸಣೆಗೆ ಇನ್ಸ್‌ಪೆಕ್ಟರು. ಮೇಷ್ಟರು ಯಾರ ನೌಕರ ಎಂಬ ಪ್ರಶ್ನೆಗೆ ನೇರ ಉತ್ತರ ಆಗಲೂ ಇರಲಿಲ್ಲ.

ಆದರೂ ಈ ಸಂಸ್ಥೆಗಳು ಕೊಟ್ಟ ಸಂಬಳ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ರಾಜಾಶ್ರಯವಿಲ್ಲದ ಈ ನಾಡಿನಲ್ಲಿ ಪಂಡಿತನೊಬ್ಬ ಬದುಕಲು ಶಾಲಾ ಕಾಲೇಜುಗಳೇ ಗತಿ. ಮುಳಿಯ ತಿಮ್ಮಪ್ಪಯ್ಯ, ಸೇಡಿಯಾಪು ಕೃಷ್ಣಭಟ್ಟರು ಸಂತ ಅಲೋಶಿಯಸ್‌ನಲ್ಲಿ ಕನ್ನಡ ಪಾಠ ಹೇಳಿದರು; ಕಡೆಂಗೋಡ್ಲು ಶಂಕರಭಟ್ಟರು ಸಂತ ಆಗ್ನೆಸ್‌ನಲ್ಲಿ ಅಧ್ಯಾಪಕರಾಗಿದ್ದರು. ಪಂಪನ ಕಾವ್ಯ, ಛಂದಸ್ಸು, ನಿಘಂಟುಗಳ ಬಗ್ಗೆ ಚಿಂತಿಸಿದ ಈ ವಿದ್ವಾಂಸರಿಗೆ ಅಕ್ಕಿ ಬೇಳೆ ಒದಗಿಸಿದ್ದು ಪಾದ್ರಿಗಳು ಮತ್ತು ಸನ್ಯಾಸಿನಿಯರು ನಡೆಸುತ್ತಿದ್ದ ಕಾಲೇಜುಗಳು. ಮುಂದೆ ಉಡುಪಿಯಲ್ಲಿ ಅದಮಾರು ಮಠದ ಆಶ್ರಯದಲ್ಲಿ 1960ರಲ್ಲಿ ಹುಟ್ಟಿದ ಪೂರ್ಣಪ್ರಜ್ಞ ಕಾಲೇಜಿಗೆ ನವ್ಯ ಕವಿ ಗೋಪಾಲಕೃಷ್ಣ ಅಡಿಗರು ಪ್ರಿನ್ಸಿಪಾಲರಾದರು. ಸಂಸ್ಥೆಯ ನಂಬಿಕೆ ಒಂದು, ನೌಕರನ ನಂಬಿಕೆ ಇನ್ನೊಂದು ಆಗಿದ್ದರೂ ಪಾಠ ನಡೆಯಿತೆಂಬುದು ಈ ಚರಿತ್ರೆಯ ಬೆಳಕಿನ ಭಾಗ.

ಶಾಲೆಯಿಂದ ಬ್ಯಾಂಕಿಗೆ

ಶಾಲೆಗಳು ಕೊಟ್ಟ ನೌಕರಿಗಿಂತ ಶಾಲೆಗಳು ತಯಾರು ಮಾಡಿದ ನೌಕರರ ಸಂಖ್ಯೆ ದೊಡ್ಡದು. ಲೆಕ್ಕ, ಇಂಗ್ಲಿಷ್, ಸುಂದರ ಕೈಬರಹ ಬಲ್ಲ ಹುಡುಗರು ಪ್ರತಿ ವರ್ಷ ಹೊರಬರತೊಡಗಿದರು. ಶಾಲೆ ಕಟ್ಟಿದ ಸುಬ್ಬರಾವ್ ಪೈಯವರೇ 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಅದು ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಶಾಲೆ ಮತ್ತು ಬ್ಯಾಂಕು ಒಂದೇ ಜಗಲಿಯಲ್ಲಿ ಬೆಳೆದ ಅಣ್ಣತಮ್ಮಂದಿರಂತೆ ಇದ್ದವು.

ಈ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಡಾ. ಟಿ.ಎಂ.ಎ. ಪೈ ಅವರ ಬದುಕಿನಲ್ಲಿ. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ಈ ವೈದ್ಯರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆ ಕಟ್ಟಿದರು. ಓದಿಗಿಂತ ಮುಂಚೆ ಒಂದು ಕಸುಬು ಕೈಗೆ ಬರಲಿ ಎಂಬುದು ಅದರ ಮೊದಲ ಆಶಯ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಸರ್ಕಾರದ ಬಳಿ ಹಣವಿಲ್ಲದಿದ್ದರೆ ಕಲಿಯುವವರ ಹಣದಿಂದಲೇ ವೈದ್ಯಕೀಯ ಕಾಲೇಜು ನಡೆಸಬಹುದೆಂದು ಮಣಿಪಾಲ ತೋರಿಸಿತು. ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಗೆ ಮಾತ್ರ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಹಾಸಿಗೆಗಳು ಬೇಕಾದವು.

ಜನವಸತಿ ವಿರಳವಾಗಿದ್ದ ಆ ಗುಡ್ಡ ಒಂದು ಪಟ್ಟಣವಾಯಿತು. ಪ್ರೊಫೆಸರರಿಂದ ಹಿಡಿದು ತೋಟದ ಮಾಲಿಯವರೆಗೆ, ನರ್ಸಿನಿಂದ ಹಾಸ್ಟೆಲಿನ ಭಟ್ಟರವರೆಗೆ ಕೆಲಸ ಹುಟ್ಟಿತು. ಈ ಮಾದರಿ ಹಬ್ಬಿತು. 1958ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು, 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು, 1966ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಆಶ್ರಯದ ಎಸ್‌ಡಿಎಂ ಕಾಲೇಜು, 1979ರಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ನಿಟ್ಟೆ ವಿದ್ಯಾಸಂಸ್ಥೆ, 1995ರಲ್ಲಿ ಮೂಡುಬಿದಿರೆಯಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಉಡುಪಿಯದು ಶೇ 86.24, ರಾಜ್ಯದ ಸರಾಸರಿ ಶೇ 75.36. ಈ ಅಂತರಕ್ಕೆ ಕಾರಣಗಳು ಹಲವಿದ್ದರೂ ಇಷ್ಟು ಕಾಲದ ಶಾಲೆ ಕಟ್ಟುವ ಕೆಲಸ ಅವುಗಳಲ್ಲಿ ಮುಖ್ಯವಾದುದು.

ಎರಡು ಬಗೆಯ ಟೀಚರು

ಶಾಲೆಗಳು ಹೆಚ್ಚಾದಂತೆ ಒಳಗೆ ಒಂದು ಬಿರುಕೂ ಕಾಣಿಸಿತು. ಅನುದಾನಿತ ಶಾಲೆಯಲ್ಲಿ ನೇಮಕ ಮಾಡುವುದು ಆಡಳಿತ ಮಂಡಳಿ, ಸಂಬಳ ಭರಿಸುವುದು ಸರ್ಕಾರ. ಆದ್ದರಿಂದ ಅಲ್ಲಿನ ಟೀಚರಿಗೆ ಸರ್ಕಾರಿ ಶಿಕ್ಷಕರ ಹತ್ತಿರದ ವೇತನ ಸಿಕ್ಕಿತು. ರಾಜ್ಯದಲ್ಲಿ 1987ರ ನಂತರ ಆರಂಭವಾದ ಶಾಲೆಗಳಿಗೆ ಸಾಮಾನ್ಯವಾಗಿ ಅನುದಾನದ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಒಂದೇ ಆವರಣದಲ್ಲಿ, ಒಂದೇ ಪಾಠ ಹೇಳುವ ಇಬ್ಬರು ಟೀಚರುಗಳ ಸಂಬಳದಲ್ಲಿ ಅಜಗಜಾಂತರ ಸಾಧ್ಯವಾಯಿತು. ಅನುದಾನವಿಲ್ಲದ ತರಗತಿಯ ಟೀಚರ ಸಂಬಳ ಮಕ್ಕಳ ಶುಲ್ಕದಿಂದಲೇ ಬರಬೇಕು. ಶುಲ್ಕ ಏರಿಸಿದರೆ ಬಡವರು ದೂರವಾಗುತ್ತಾರೆ, ಏರಿಸದಿದ್ದರೆ ಸಂಬಳ ಏರುವುದಿಲ್ಲ. ಸಣ್ಣ ಊರಿನ ಪ್ರಾಮಾಣಿಕ ಆಡಳಿತ ಮಂಡಳಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ.

ಉದ್ಯೋಗ ಮಾರುಕಟ್ಟೆಯ ಲೆಕ್ಕವೂ ಟೀಚರ ವಿರುದ್ಧವೇ ಇತ್ತು. ಪದವಿ, ಬಿ.ಎಡ್. ಮುಗಿಸಿದ ಹೆಣ್ಣುಮಕ್ಕಳು ಹೆಚ್ಚು, ಮನೆಗೆ ಹತ್ತಿರದ ಮರ್ಯಾದೆಯ ನೌಕರಿ ಕಡಿಮೆ. ಬ್ಯಾಂಕಿನ ದಾರಿಯೂ ಮೊದಲಿನಂತೆ ಉಳಿಯಲಿಲ್ಲ. ಕರಾವಳಿಯ ನಾಲ್ಕು ದೊಡ್ಡ ಬ್ಯಾಂಕುಗಳು 1969 ಮತ್ತು 1980ರಲ್ಲಿ ರಾಷ್ಟ್ರೀಕರಣಗೊಂಡಾಗ ನೇಮಕಾತಿ ಊರಿನ ಕೈಯಿಂದ ಹೊರಗೆ ಹೋಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾಗಿ ಹೆಸರೂ ಅಳಿಸಿತು. ಓದಿದವರಿಗೆ ಊರಲ್ಲೇ ಉಳಿಯಬೇಕಾದರೆ ಶಾಲೆ, ಕಾಲೇಜು, ಆಸ್ಪತ್ರೆಗಳೇ ಆಸರೆಯಾದವು.

ಈ ಪರಿಸ್ಥಿತಿಯನ್ನು ಬಹಳ ಮೊದಲೇ ಕಂಡು ಬೇರೆ ದಾರಿ ಹಿಡಿದ ಪ್ರಯತ್ನವೂ ಇದೇ ಜಿಲ್ಲೆಯದು. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ನಿರುದ್ಯೋಗಿ ತರುಣರಿಗೆ ಅಲ್ಪಾವಧಿಯ ಉಚಿತ ತರಬೇತಿ ಕೊಟ್ಟು, ಸ್ವಂತ ಕಸುಬು ಶುರು ಮಾಡಲು ಬ್ಯಾಂಕ್ ಸಾಲದತ್ತ ದಾರಿ ತೋರಿಸುವುದು ಅದರ ಕ್ರಮ. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಕೇಂದ್ರಗಳನ್ನು ತೆರೆಸಿತು. ಬಾಸೆಲ್ ಮಿಷನ್ ಕೆಲಸ ಕೊಟ್ಟು ಧಣಿಯಾಯಿತು. ಉಜಿರೆಯ ಸಂಸ್ಥೆ ಕೆಲಸ ಕಲಿಸಿ ಕಳುಹಿಸಿತು.

ನ್ಯಾಯಾಲಯದ ಮುಂದೆ

ಲಾಭ ಬಯಸದ ಸಂಸ್ಥೆಯ ನೌಕರನಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಇದೆಯೇ ಎಂಬುದು ದೇಶಕ್ಕೆಲ್ಲ ಸಂಬಂಧಿಸಿದ ಪ್ರಶ್ನೆ. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಶಿಕ್ಷಣ ಕೈಗಾರಿಕೆಯಲ್ಲ ಎಂದಿತು. ಹದಿನೈದು ವರ್ಷಗಳ ನಂತರ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಬೆಂಗಳೂರು ಜಲಮಂಡಳಿಯ ನೌಕರರ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ವ್ಯವಸ್ಥಿತವಾದ ಚಟುವಟಿಕೆ ಇದ್ದು, ಧಣಿ ಮತ್ತು ನೌಕರರ ಸಹಕಾರದಿಂದ ಜನರಿಗೆ ಬೇಕಾದ ಸರಕು ಅಥವಾ ಸೇವೆ ಹುಟ್ಟುವುದಾದರೆ ಅದು ಕೈಗಾರಿಕೆಯೇ, ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂಬುದು ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅವರ ನಿಲುವಾಗಿತ್ತು. ಕಾಲೇಜು, ಆಸ್ಪತ್ರೆ, ಧರ್ಮಾರ್ಥ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬಂದವು.

ಹಾಗಾದರೆ ಟೀಚರೂ ಕಾರ್ಮಿಕರೇ? 1988ರಲ್ಲಿ ಗೋವಾದ ಶಾಲೆಯೊಂದರ ಶಿಕ್ಷಕಿಯ ಪ್ರಕರಣದಲ್ಲಿ ನ್ಯಾಯಾಲಯ ಇಲ್ಲವೆಂದಿತು. ಶಾಲೆ ಕೈಗಾರಿಕೆಯಾಗಿರಬಹುದು, ಆದರೆ ಪಾಠ ಹೇಳುವುದು ಒಂದು ಮಿಷನ್, ಉದಾತ್ತ ವೃತ್ತಿ, ಕೈಗೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ ಎಂಬುದು ಕಾರಣ. ಪರಿಣಾಮ ವಿಚಿತ್ರವಾಗಿತ್ತು. ಶಾಲೆಯ ಗುಮಾಸ್ತನನ್ನು ತೆಗೆದುಹಾಕಿದರೆ ಅವನು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು, ಪಾಠ ಹೇಳುವವರು ಹೋಗುವಂತಿಲ್ಲ. ಕರ್ನಾಟಕದಲ್ಲಿ 1975ರ ಕಾಯ್ದೆಯೊಂದು ಖಾಸಗಿ ಶಿಕ್ಷಣ ಸಂಸ್ಥೆಗಳ ನೌಕರರಿಗಾಗಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯನ್ನು ಒದಗಿಸಿದ್ದು ಅಷ್ಟರಮಟ್ಟಿಗೆ ಸಮಾಧಾನ.

ನಿವೃತ್ತಿಯ ಹಣದ ವಿಷಯದಲ್ಲೂ ‘ಉದಾತ್ತ’ ಎಂಬ ವಿಶೇಷಣ ಟೀಚರನ್ನು ಹಿಂದೆ ಉಳಿಸಿತು. ಭವಿಷ್ಯ ನಿಧಿ ಕಾಯ್ದೆ ಕರಾವಳಿಯ ಮನೆಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರ ಉದ್ಯಮಕ್ಕೆ ಅನ್ವಯವಾದದ್ದು 1977ರಲ್ಲಿ. ಶಾಲಾ ಕಾಲೇಜುಗಳಿಗೆ ಅದು ಬಂದದ್ದು 1982ರಲ್ಲಿ. 1972ರ ಗ್ರಾಚ್ಯುಟಿ ಕಾಯ್ದೆ ಶಿಕ್ಷಣ ಸಂಸ್ಥೆಗಳಿಗೆ ವಿಸ್ತರಣೆಯಾದದ್ದು 1997ರಲ್ಲಿ. ಆಗಲೂ, ಕಾಯ್ದೆಯಲ್ಲಿ ಹೇಳಿದ ‘ನೌಕರ’ ಪದದೊಳಗೆ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2009ರಲ್ಲಿ ಸಂಸತ್ತು ವ್ಯಾಖ್ಯೆಯನ್ನೇ ತಿದ್ದಿ, ಅದನ್ನು 1997ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳು ಪ್ರಶ್ನಿಸಿದ ಈ ತಿದ್ದುಪಡಿಯನ್ನು ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಬೀಡಿ ಕಟ್ಟಿದ ಹಣದಿಂದ ಮಗಳನ್ನು ಟೀಚರು ಮಾಡಿದ ತಾಯಿಗೆ ಕಾನೂನು ಮೊದಲು ಕೈಹಿಡಿದಿತ್ತು, ಮಗಳಿಗೆ ಆಮೇಲೆ.

ಸಂಸ್ಥೆಗಳ ಕಡೆಯಿಂದಲೂ ಪ್ರಶ್ನೆ ಎದ್ದಿತ್ತು. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿತ್ತು. ಸಂಸ್ಥೆ ಎಷ್ಟು ಶುಲ್ಕ ಪಡೆಯಬಹುದು, ಎಷ್ಟು ಉಳಿಸಬಹುದು ಎಂಬ ದೀರ್ಘ ವ್ಯಾಜ್ಯದಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಶಾಶ್ವತವಾಯಿತು. ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ, ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನ ಒಪ್ಪುವ ಒಂದು ಉದ್ಯೋಗ. ಬೆಳವಣಿಗೆಗೆ ಬೇಕಾದ ಮಿತವಾದ ಉಳಿತಾಯ ಇರಬಹುದು, ಸುಲಿಗೆ ಕೂಡದು ಎಂದಿತು. ಬಾಸೆಲ್ ಕಂಪನಿಯ ಮಿತ ಲಾಭಾಂಶದ ತತ್ವಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಕಾಣದಿರದು.

2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಚಕ್ರವನ್ನು ಮತ್ತೊಂದು ಸುತ್ತು ತಿರುಗಿಸಿದೆ. ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿರುವವರ ಸಂಸ್ಥೆಗಳನ್ನು ಅದು ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 1978ರಲ್ಲಿ ಒಳಗೆ ಬಂದಿದ್ದ ಎಷ್ಟೋ ಗುಮಾಸ್ತರು, ಜವಾನರು, ಅಡುಗೆಯವರ ಪಾಲಿಗೆ ತಮ್ಮ ಸಂಸ್ಥೆ ಯಾವ ಸಾಲಿಗೆ ಸೇರುತ್ತದೆ ಎಂಬುದು ಈಗ ಬದುಕಿನ ಪ್ರಶ್ನೆ.

ಕರಾವಳಿಯ ಧರ್ಮಸಂಸ್ಥೆಗಳು ಮಾಡಿದ್ದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಗದ್ದೆ ಕಳೆದುಕೊಂಡವನಿಗೆ ಅವು ಮಗ್ಗ ಕೊಟ್ಟವು; ಪಂಡಿತನಿಗೆ ಪೀಠ ಕೊಟ್ಟವು; ಮನೆ ದಾಟದ ಹೆಣ್ಣುಮಗಳಿಗೆ ತಿಂಗಳ ಸಂಬಳದ ರುಚಿ ತೋರಿಸಿದವು. ಆದರೆ ಸೇವೆಯ ವ್ರತ ತೊಟ್ಟವರು ಸಂಸ್ಥೆ ಕಟ್ಟಿದ ಹಿರಿಯರು. ತಿಂಗಳ ಕೊನೆಗೆ ಅಂಗಡಿಯ ಲೆಕ್ಕ ತೀರಿಸಬೇಕಾದ ಟೀಚರು, ನರ್ಸು, ಅಟೆಂಡರು ಆ ವ್ರತ ತೊಟ್ಟವರಲ್ಲ, ಕೆಲಸಕ್ಕೆ ಸೇರಿದವರು. ಹಿರಿಯರ ತ್ಯಾಗವನ್ನು ತೋರಿಸಿ ಇವರ ಸಂಬಳವನ್ನು ಅಳೆಯುವುದು ನ್ಯಾಯವಾಗದು.